ಆಟಕ್ಕುಂಟು ಲೆಕ್ಕಕ್ಕಿಲ್ಲ

ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆಯನ್ನೋ ಕಣ್ಣಾಮುಚ್ಚಾಲೆಯನ್ನೋ ಆಡುತ್ತಿದ್ದರೆ ಯಾರದಾದರೂ ಪುಟ್ಟ ತಂಗಿಯೋ ತಮ್ಮನೋ ಅಳುತ್ತಾ ಬಂದು ಸೇರಿಕೊಳ್ಳುತ್ತಿತ್ತು. ಬೇಡವೆಂದರೆ ಅಮ್ಮನ ಹತ್ತಿರ ದೂರು ಹೋಗುತ್ತದೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕೆ ನಾವು ಕಂಡುಕೊಂಡಿದ್ದ ಉಪಾಯ, 'ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುವುದು. ಪಾಪ, ಆ ಮಗು ನಮ್ಮಷ್ಟೇ ಓಡುತ್ತಿತ್ತು, ನಮ್ಮಷ್ಟೇ ಬೀಳುತ್ತಿತ್ತು, ಮೊಣಕಾಲು ತರಚಿಕೊಂಡು ಅಳುತ್ತಿತ್ತು. ಆದರೆ ಅದು ಗೆದ್ದರೂ ಗೆಲುವಲ್ಲ, ಸೋತರೂ ಸೋಲಲ್ಲ. ಇದು ಮಕ್ಕಳ ಮಾತು, ದೊಡ್ಡವರಾದ ಮೇಲೆ ಮರೆಯುವಂಥದು ಎಂದುಕೊಂಡಿದ್ದೆ. ದೊಡ್ಡವರೂ ಈ ಆಟ ಆಡುತ್ತಾರೆ, ನಾನೂ ಆಡುತ್ತೇನೆ ಎಂದು ಗೊತ್ತಾದದ್ದು 2011ರ ಫೆಬ್ರುವರಿಯಲ್ಲಿ.

ಆ ವರ್ಷದ ಜನಗಣತಿಗೆ ನನ್ನನ್ನೂ ಹಾಕಿದ್ದರು. ಶಾಲಾ ಮಾಸ್ತರಿಕೆಗೆ ಬಂದ ಮೇಲೆ ಚುನಾವಣೆ, ಗಣತಿ ಇವೆಲ್ಲ ಪಾಠದಷ್ಟೇ ಖಾಯಂ. ಜಕ್ಕೂರಿನಲ್ಲಿ ನನ್ನ ಪಾಲಿಗೆ ಬಂದ ಬೀದಿಗಳಲ್ಲಿ ಒಂದು ಕಡೆ ಹಳೆಯ ಹೆಂಚಿನ ಮನೆಗಳು, ಇನ್ನೊಂದು ಕಡೆ ಹೊಸದಾಗಿ ಎದ್ದ ತಾರಸಿ ಮನೆಗಳು. ಬಿಸಿಲಲ್ಲಿ ಸುತ್ತಿ ಸಾಕಾಗಿ ಒಂದು ತಾರಸಿ ಮನೆಯ ಗೇಟು ತೆರೆದೆ. ಮನೆಯಾಕೆ ಬಹಳ ಒಳ್ಳೆಯವರು. ಕೂರಿಸಿದರು, ಫ್ಯಾನು ಹಾಕಿದರು. ಯಜಮಾನರು, ಅವರು, ಇಬ್ಬರು ಗಂಡುಮಕ್ಕಳು. ಬರೆದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಲೋಟ ಹಿಡಿದು ನಿಂತಳು. "ನೀರ್ ಕೊಡ್ಲೇನ್ರಿ ಅಮ್ಮಾರ?" ಎಂದಳು.

ನಾನು ತಲೆಯೆತ್ತಿ ನೋಡಿದೆ. ಮನೆಯಾಕೆ ನಗುತ್ತಲೇ ಹೇಳಿದರು: "ನಮ್ಮ ಅಕ್ಕನ ಮಗಳು ಮೇಡಂ. ಊರಿಂದ ಓದೋಕೆ ಬಂದಿದ್ದಾಳೆ."

ಆಕೆಯ ತವರು ದೊಡ್ಡಬಳ್ಳಾಪುರದ ಕಡೆ ಎಂದು ಐದು ನಿಮಿಷದ ಹಿಂದೆ ಅವರೇ ಹೇಳಿದ್ದರು. ಹುಡುಗಿಯ ಮಾತು ಕೃಷ್ಣೆಯ ಆಚೆಯದು. ಅಕ್ಕನ ಮಗಳು ಚಿಕ್ಕಮ್ಮನನ್ನು 'ಅಮ್ಮಾರ' ಎನ್ನುವುದಿಲ್ಲ. ವಾರದ ದಿನ, ಹನ್ನೊಂದು ಗಂಟೆ. ಶಾಲೆಯಲ್ಲಿರಬೇಕಾದ ಹುಡುಗಿಯ ಕೈ ಪಾತ್ರೆ ಉಜ್ಜಿ ಬೆಳ್ಳಗೆ ಸುಕ್ಕಾಗಿತ್ತು. ಎಲ್ಲವನ್ನೂ ನೋಡಿದೆ. ಆಮೇಲೆ ಲೋಟ ತೆಗೆದುಕೊಂಡು ನೀರು ಕುಡಿದೆ. ಹೆಸರಿನ ಮುಂದೆ 'ಸಂಬಂಧಿ' ಎಂದು ಬರೆದೆ. ಶಾಲೆಗೆ ಹೋಗುತ್ತಾಳೆ ಎಂದು ಬರೆದೆ. ಕೆಲಸ ಮಾಡುತ್ತಾಳೆಯೇ ಎಂಬ ಕಡೆ ಇಲ್ಲ ಎಂದು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಮೇಲ್ವಿಚಾರಕರು ಆಮೇಲೆ ಹೊಗಳಿದರು.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಿಂದಲೇ ನಿಷೇಧಿಸಲಾಗಿತ್ತು. ಗಣತಿದಾರರು ಗೊತ್ತಿದ್ದೂ ತಪ್ಪು ಬರೆಯುವುದು 1948ರ ಜನಗಣತಿ ಕಾಯಿದೆಯ ಪ್ರಕಾರ ಅಪರಾಧ. ಹಾಗೆ ನೋಡಿದರೆ ಅಂದು ಆ ನಡುಮನೆಯಲ್ಲಿ ಎರಡು ಗುಪ್ತ ಅಪರಾಧಗಳು ನಡೆದವು. ಎರಡಕ್ಕೂ ಸಾಕ್ಷಿ ಇಲ್ಲ, ಎರಡೂ ಯಾವ ಠಾಣೆಯ ಪುಸ್ತಕದಲ್ಲೂ ಇಲ್ಲ.

ಕೆಲವು ವರ್ಷಗಳಾದ ಮೇಲೆ ಗಣತಿಯ ಅಂಕಿ ಅಂಶಗಳು ಪ್ರಕಟವಾದವು. ದೇಶದಲ್ಲಿ ಐದರಿಂದ ಹದಿನಾಲ್ಕು ವರ್ಷದ ದುಡಿಯುವ ಮಕ್ಕಳು 1 ಕೋಟಿ 1 ಲಕ್ಷ, 2001ರಲ್ಲಿ 1 ಕೋಟಿ 26 ಲಕ್ಷ ಇದ್ದದ್ದು ಇಳಿದಿದೆ ಎಂದು ಇತ್ತು. ಸಮಾಜ ವಿಜ್ಞಾನದ ತರಗತಿಯಲ್ಲಿ ಇದನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಬಚ್ಚಿಟ್ಟಿರೋ ಮಕ್ಕಳನ್ನ ಹೇಗೆ ಎಣಿಸ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಹಲಗೆಯ ಮೇಲಿನ ಆ ದೊಡ್ಡ ಸಂಖ್ಯೆಯಲ್ಲಿ ಒಂದು ಕಡಿಮೆ ಇದೆ, ಆ ಒಂದನ್ನು ಕಳೆದವಳು ನಾನು ಎಂಬುದು ಮಾತ್ರ ಗೊತ್ತಿತ್ತು.

ಉತ್ತರದ ಮೊದಲ ತುಂಡು ಸಿಕ್ಕಿದ್ದು ಜಕ್ಕೂರು ಕೆರೆಯ ಏರಿಯ ಮೇಲೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಬೆಳಿಗ್ಗೆ ಅಲ್ಲಿ ವಾಕಿಂಗ್ ಬರುತ್ತಾರೆ. ತೆಪ್ಪದಲ್ಲಿ ಬಲೆ ಬೀಸುತ್ತಿದ್ದವರನ್ನು ತೋರಿಸಿ ಕೇಳಿದರು: "ಈ ಕೆರೆಯಲ್ಲಿ ಎಷ್ಟು ಮೀನಿದೆ ಹೇಳಿ ಮೇಡಂ, ನೀರು ಬತ್ತಿಸದೆ." ಆಮೇಲೆ ತಾವೇ ಹೇಳಿದರು. ಇವತ್ತು ಬಲೆ ಬೀಸಿ ನೂರು ಮೀನು ಹಿಡಿಯಿರಿ. ರೆಕ್ಕೆಗೆ ಒಂದು ಗುರುತು ಮಾಡಿ ನೀರಿಗೆ ಬಿಟ್ಟುಬಿಡಿ. ಅವು ಬೆರೆತುಹೋಗಲಿ. ನಾಲ್ಕು ದಿನ ಬಿಟ್ಟು ಮತ್ತೆ ನೂರು ಹಿಡಿಯಿರಿ. ಅದರಲ್ಲಿ ಗುರುತಿನವು ಹತ್ತು ಇದ್ದರೆ, ಹತ್ತರಲ್ಲಿ ಒಂದಕ್ಕೆ ಗುರುತಿದೆ ಎಂದಾಯಿತು. ನೀವು ಗುರುತು ಮಾಡಿದ್ದು ನೂರು, ಆದ್ದರಿಂದ ಕೆರೆಯಲ್ಲಿ ಸುಮಾರು ಸಾವಿರ ಮೀನು. ಮೊದಲ ಬಲೆಗೂ ಎರಡನೆಯ ಬಲೆಗೂ ಸಿಕ್ಕಿದ ಮೀನುಗಳು, ಎರಡಕ್ಕೂ ಸಿಗದ ಮೀನುಗಳ ಸುದ್ದಿ ಹೇಳುತ್ತವೆ.

ಮನುಷ್ಯರ ವಿಷಯದಲ್ಲಿ ಬಲೆಯ ಬದಲು ಪಟ್ಟಿಗಳು. ಇದನ್ನು ಮೊದಲು ಚೆನ್ನಾಗಿ ಮಾಡಿ ತೋರಿಸಿದವರಲ್ಲಿ ನಮ್ಮವರೇ ಆದ ಸಿ. ಚಂದ್ರಶೇಖರನ್ ಒಬ್ಬರು ಎಂದು ಓದಿ ಹೆಮ್ಮೆಯಾಯಿತು. ಅವರೂ ಅಮೆರಿಕದ ಡೆಮಿಂಗ್ ಅವರೂ ಸೇರಿ 1949ರಲ್ಲಿ ಬರೆದ ಲೇಖನದಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನ ಜನನ ಮರಣಗಳ ಎರಡು ಪಟ್ಟಿಗಳನ್ನು ಹೋಲಿಸಿದರು. ಒಂದು ಸರ್ಕಾರಿ ದಾಖಲೆಯದು, ಇನ್ನೊಂದು ಮನೆಮನೆಗೆ ಹೋಗಿ ಕೇಳಿ ಬರೆದದ್ದು. ಎರಡರಲ್ಲೂ ಇರುವ ಹೆಸರುಗಳಿಂದ, ಎರಡರಲ್ಲೂ ಬಿಟ್ಟುಹೋದವು ಎಷ್ಟು ಎಂದು ಅಂದಾಜು ಮಾಡಿದರು. ಅದೇ ದಾರಿಯಲ್ಲಿ 2014ರಲ್ಲಿ ಬರ್ನಾರ್ಡ್ ಸಿಲ್ವರ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಬ್ರಿಟನ್ನಿನಲ್ಲಿ ಗುಲಾಮರಂತೆ ಬದುಕುತ್ತಿರುವವರನ್ನು ಲೆಕ್ಕ ಹಾಕಿದರು. ಪೊಲೀಸರು, ಸೇವಾ ಸಂಸ್ಥೆಗಳು ಮೊದಲಾದವರ ಪಟ್ಟಿಗಳಲ್ಲಿ 2013ರಲ್ಲಿ ಕಂಡವರು 2,744 ಜನ. ಕಾಣದವರೂ ಸೇರಿದರೆ ಹತ್ತರಿಂದ ಹದಿಮೂರು ಸಾವಿರ ಇರಬೇಕೆಂದು ಅವರ ಅಂದಾಜು. ಲಂಡನ್ನಿನಲ್ಲೂ ಗುಲಾಮಗಿರಿ ಇದೆ ಎಂದು ಅಲ್ಲಿನವರೇ ಒಪ್ಪಿಕೊಳ್ಳಬೇಕಾಯಿತು.

ನಾನು ಮೇಷ್ಟ್ರಿಗೆ ಕೇಳಿದೆ: "ಬಲೆಗೇ ಬಾರದೆ ಕಲ್ಲಿನ ಸಂದಿಯಲ್ಲಿ ಕೂತ ಮೀನಿದ್ದರೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ಈ ಲೆಕ್ಕ ಸಾಲದು ಮೇಡಂ. ಎಲ್ಲ ಮೀನಿಗೂ ಬಲೆಗೆ ಬೀಳೋ ಸಂಭವ ಇದೆ ಅಂತ ಇಟ್ಟುಕೊಂಡೇ ಲೆಕ್ಕ ಶುರು" ಎಂದರು. ನನಗೆ ಅಡುಗೆಮನೆಯ ಬಾಗಿಲು ನೆನಪಾಯಿತು. ಆ ಹುಡುಗಿ ಶಾಲೆಯ ಪಟ್ಟಿಯಲ್ಲಿಲ್ಲ, ಆಸ್ಪತ್ರೆಯ ಪಟ್ಟಿಯಲ್ಲಿಲ್ಲ, ಪೊಲೀಸರ ಪಟ್ಟಿಯಲ್ಲಿಲ್ಲ. ಅವಳ ಹತ್ತಿರ ಬಂದ ಒಂದೇ ಬಲೆ ಎಂದರೆ ನನ್ನ ಕೈಯಲ್ಲಿದ್ದ ಆ ಉದ್ದನೆಯ ಹಾಳೆ.

ಇನ್ನೊಂದು ವಿಧಾನವನ್ನು ಮೇಷ್ಟ್ರು ಒಂಬತ್ತನೆಯ ತರಗತಿಯಲ್ಲೇ ಮಾಡಿ ತೋರಿಸಿದರು. ನಲವತ್ತು ಮಕ್ಕಳು. ಎಲ್ಲರೂ ಡೆಸ್ಕಿನ ಕೆಳಗೆ ಗುಟ್ಟಾಗಿ ನಾಣ್ಯ ಚಿಮ್ಮಬೇಕು. ತಲೆ ಬಿದ್ದವರು ಏನೇ ಇರಲಿ ಕೈ ಎತ್ತಬೇಕು. ಬಾಲ ಬಿದ್ದವರು, ಪರೀಕ್ಷೆಯಲ್ಲಿ ಕಾಪಿ ಮಾಡಿದ್ದರೆ ಮಾತ್ರ ಕೈ ಎತ್ತಬೇಕು. ಇಪ್ಪತ್ತಾರು ಕೈ ಎದ್ದವು. ಅದರಲ್ಲಿ ಸುಮಾರು ಇಪ್ಪತ್ತು ನಾಣ್ಯ ಎತ್ತಿಸಿದ ಕೈ. ಉಳಿದ ಆರು, ಬಾಲ ಬಿದ್ದ ಇಪ್ಪತ್ತು ಜನರಲ್ಲಿ ಕಾಪಿ ಮಾಡಿದವರದು. ಅಂದರೆ ಹತ್ತಕ್ಕೆ ಮೂವರು. ಯಾರು ಎಂದು ದೇವರಿಗೇ ಗೊತ್ತು, ಎಷ್ಟು ಎಂದು ನಮಗೂ ಗೊತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಇದರ ಮೂಲ ಉಪಾಯವನ್ನು 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬುವರು ಹೇಳಿದರಂತೆ. ನನಗೆ ಹಿಡಿಸಿದ್ದು ಲೆಕ್ಕವಲ್ಲ, ಅದರ ಹಿಂದಿನ ಕರುಣೆ. ನಿನ್ನನ್ನು ಹಿಡಿಯುವುದಿಲ್ಲ, ನಿಜ ಮಾತ್ರ ಹೇಳು ಎಂಬ ಭರವಸೆ.

ಆ ಭರವಸೆ ಸಿಕ್ಕರೆ ಹೆಂಗಸರು ಮಾತಾಡುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಗಂಡನ ಹಿಂಸೆಯ ಬಗ್ಗೆ ಕೇಳುವಾಗ ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳುತ್ತಾರೆ, ಅದೂ ಯಾರೂ ಹತ್ತಿರ ಇಲ್ಲದಾಗ. ಅತ್ತೆಯೋ ಗಂಡನೋ ಬಂದರೆ ಮಾತು ನಿಲ್ಲಿಸಬೇಕು. ಕರ್ನಾಟಕದಲ್ಲಿ 2015-16ರ ಸಮೀಕ್ಷೆಯಲ್ಲಿ ಇಂಥ ಹಿಂಸೆ ಕಂಡಿದ್ದೇವೆ ಎಂದ ವಿವಾಹಿತೆಯರು ಶೇಕಡಾ 20ರ ಆಸುಪಾಸು. 2019-21ರ ಸಮೀಕ್ಷೆಯಲ್ಲಿ ಶೇಕಡಾ 44. ಕೊರೊನಾ ಕಾಲದ್ದು ಎನ್ನೋಣವೆಂದರೆ ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಕೇಳಿದ್ದು 2019ರಲ್ಲೇ, ಬಾಗಿಲು ಹಾಕಿಕೊಳ್ಳುವ ಮೊದಲು. ನಾಲ್ಕು ವರ್ಷದಲ್ಲಿ ನಮ್ಮ ಗಂಡಸರು ಎರಡು ಪಟ್ಟು ಕೆಟ್ಟರೆ? ಅಥವಾ ಮೊದಲು ಬಾಯಿ ಮುಚ್ಚಿಕೊಂಡಿದ್ದವರು ಈಗ ಬಾಯಿ ಬಿಟ್ಟರೆ? ಸಂಖ್ಯೆ ಅದನ್ನು ಹೇಳುವುದಿಲ್ಲ. ಆದರೆ ಹಿಂಸೆ ಕಂಡ ನೂರು ಹೆಂಗಸರಲ್ಲಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ದೇಶದಲ್ಲಿ ಹದಿನಾಲ್ಕು ಜನ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಠಾಣೆಯ ಪುಸ್ತಕ ನೋಡಿ ಸಂಸಾರಗಳನ್ನು ಅಳೆಯುವವರು ಈ ಹದಿನಾಲ್ಕರಲ್ಲೂ ಒಂದು ಚೂರನ್ನು ಮಾತ್ರ ನೋಡುತ್ತಾರೆ.

ಬಾಲ್ಯವಿವಾಹದ ಲೆಕ್ಕ ನೋಡಿ. 2020ರಲ್ಲಿ ಕರ್ನಾಟಕದಲ್ಲಿ ದಾಖಲಾದ ಪ್ರಕರಣಗಳು 184. ಎಲ್ಲ ರಾಜ್ಯಗಳಿಗಿಂತ ಹೆಚ್ಚು ಎಂದು ಪತ್ರಿಕೆಗಳು ನಮ್ಮನ್ನು ಹೀಗಳೆದವು. ಆದರೆ ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಕ್ಕಳನ್ನು ಕೇಳಿದಾಗ, ಇಲ್ಲಿ ಐವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದರು. ಆ ಐದರಲ್ಲೊಂದರ ಮುಂದೆ 184 ಯಾವ ಮೂಲೆಗೆ? ಹೆಚ್ಚು ಪ್ರಕರಣ ದಾಖಲಾದ ಊರು ಹೆಚ್ಚು ಕೆಟ್ಟ ಊರೇ ಆಗಬೇಕಿಲ್ಲ, ಹೆಚ್ಚು ಕಣ್ಣು ತೆರೆದ ಊರೂ ಆಗಬಹುದು. ಸೊನ್ನೆ ಎಂದು ವರದಿ ಕಳಿಸುವ ಊರನ್ನು ಕಂಡರೆ ಈಗ ನನಗೆ ಭಯವಾಗುತ್ತದೆ.

ಕೇಳುವುದಕ್ಕೂ ಯಾರೂ ಇಲ್ಲದ ಅಪರಾಧವೊಂದಿದೆ. ಹುಟ್ಟದೇ ಹೋದ ಹೆಣ್ಣುಮಗು ದೂರು ಕೊಡುವುದಿಲ್ಲ. ಆದರೆ ಪ್ರಕೃತಿಗೆ ತನ್ನದೇ ಒಂದು ಲೆಕ್ಕವಿದೆ, ಸಾವಿರ ಗಂಡುಮಕ್ಕಳು ಹುಟ್ಟುವಲ್ಲಿ ಸುಮಾರು 950 ಹೆಣ್ಣುಮಕ್ಕಳು. ಅದರಿಂದ ಕೆಳಗೆ ಇಳಿದಷ್ಟೂ ಅಲ್ಲಿ ಮನುಷ್ಯರ ಕೈ ಇದೆ ಎಂದೇ ಅರ್ಥ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರಕ್ಕೆ ಹೆಣ್ಣುಮಕ್ಕಳ ಸಂಖ್ಯೆ ದೇಶದಲ್ಲಿ 1991ರಲ್ಲಿ 945 ಇದ್ದದ್ದು 2001ರಲ್ಲಿ 927ಕ್ಕೆ ಇಳಿಯಿತು. ಕರ್ನಾಟಕದಲ್ಲಿ 960 ಇದ್ದದ್ದು 946 ಆಯಿತು. ಹೀಗೆ ಇಲ್ಲದವರನ್ನು ಎಣಿಸಿಯೇ 1990ರಲ್ಲಿ ಅಮರ್ತ್ಯ ಸೇನ್, ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಹೆಂಗಸರು ಕಾಣೆಯಾಗಿದ್ದಾರೆ ಎಂದು ಬರೆದದ್ದು. 1994ರಲ್ಲಿ ಭ್ರೂಣಲಿಂಗ ಪತ್ತೆಗೆ ಕಾನೂನಿನ ತಡೆಯೂ ಬಂತು. ಆದರೂ 2023ರ ನವೆಂಬರ್‌ನಲ್ಲಿ, ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಗಂಡೋ ಹೆಣ್ಣೋ ಹೇಳುತ್ತಿದ್ದರು, ಒಂಬೈನೂರರಷ್ಟು ಭ್ರೂಣಹತ್ಯೆಗಳಾಗಿವೆ ಎಂದು ಬೆಂಗಳೂರಿನ ಪೊಲೀಸರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಬೆಲ್ಲ ಕಾಯಿಸುವ ಜಾಗ! ಎಲ್ಲರೂ ಬೆಚ್ಚಿಬಿದ್ದೆವು. ಆದರೆ ಗಣತಿಯ ಆ ಅಂಕಿಗಳು ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದವಲ್ಲ. ವಿಳಾಸ ಮಾತ್ರ ಹೇಳಿರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಜೀತದ ಲೆಕ್ಕ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದು ಜೀತ ರದ್ದಾಯಿತು. ರದ್ದಾದದ್ದು ಎಷ್ಟು ಜನರ ಜೀತ ಎಂದು ತಿಳಿಯಬೇಡವೆ? ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 1977-78ರಲ್ಲಿ ಕರ್ನಾಟಕದಲ್ಲಿ ಅಂದಾಜು ಮಾಡಿದ್ದು 14,100 ಜನ. ಗಾಂಧಿ ಪೀಸ್ ಫೌಂಡೇಶನ್ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 1978ರ ಸುಮಾರಿಗೆ ಮಾಡಿದ ಅಂದಾಜು 1,93,000. ಮುಂದೆ ವರ್ಷಗಳು ಉರುಳಿದಂತೆ ನಮ್ಮ ರಾಜ್ಯ ಸರ್ಕಾರವೇ ಹೆಸರು ಹಿಡಿದು ಗುರುತಿಸಿದವರು 63 ಸಾವಿರಕ್ಕೂ ಹೆಚ್ಚು. ಒಂದೇ ನಾಡು, ಒಂದೇ ಸಂಕಟ, ಮೂರು ಲೆಕ್ಕ. ಯಾವುದು ನಿಜ? ಒಂದಂತೂ ಖಚಿತ. ಹೆಸರು ಹಿಡಿದು ಸಿಕ್ಕವರೇ 63 ಸಾವಿರ ಇದ್ದಾಗ 14 ಸಾವಿರವೆಂಬುದು ತೀರಾ ಕಡಿಮೆಯಾಯಿತು. ದೊಡ್ಡದು ಸರಿಯೋ ಅಲ್ಲವೋ, ಚಿಕ್ಕದು ತಪ್ಪು. ಆ ತಪ್ಪು ಹೇಗಾಗಿರಬಹುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಧಣಿಯ ಜಗಲಿಯ ಮೇಲೆ ಕೂತು, ಧಣಿ ಕೊಟ್ಟ ನೀರು ಕುಡಿದು, ಧಣಿಯ ಎದುರಿಗೇ "ಏನಪ್ಪ, ನೀನು ಜೀತಕ್ಕಿದ್ದೀಯಾ?" ಎಂದು ಕೇಳಿದರೆ ಅವನು ಏನು ಹೇಳುತ್ತಾನೆ? "ಮನೆ ಮಗ ಇದ್ದಂಗೆ ಇವ್ನಿ ಬುದ್ಧಿ" ಎನ್ನುತ್ತಾನೆ. ಮನೆ ಮಗ, ಅಕ್ಕನ ಮಗಳು. ನಮ್ಮ ಭಾಷೆಯಲ್ಲಿ ಸಂಬಂಧದ ಹೆಸರುಗಳಿಗೆ ಬರವಿಲ್ಲ. ಅವುಗಳ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು.

ಇಲ್ಲಿ ನನ್ನ ಗೆಳತಿಯೊಬ್ಬಳು ತೆಗೆದ ತಕರಾರನ್ನು ಹೇಳಬೇಕು. ಅವಳು ಮಹಿಳಾ ಸಂಘಟನೆಗಳಲ್ಲಿ ಓಡಾಡಿದವಳು. "ಲೆಕ್ಕ ಸ್ವಲ್ಪ ಹೆಚ್ಚಾದರೇನು? ದೊಡ್ಡ ಸಂಖ್ಯೆ ಹೇಳಿದರೇ ಸರ್ಕಾರ ಏಳೋದು. ಒಳ್ಳೇ ಕೆಲಸಕ್ಕೆ ತಾನೆ" ಎಂದಳು. ನಾನು ಒಪ್ಪಲಿಲ್ಲ. ಉತ್ಪ್ರೇಕ್ಷೆ ಒಂದು ದಿನ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ದಿನ ನಿಜವಾದವರನ್ನೂ ಯಾರೂ ನಂಬುವುದಿಲ್ಲ. ತರಗತಿಯಲ್ಲಿ ಸುಳ್ಳು ಹೊಟ್ಟೆನೋವಿನ ಹುಡುಗನಿಂದ ನಿಜವಾದ ಹೊಟ್ಟೆನೋವಿನವನಿಗೆ ಅನ್ಯಾಯವಾಗುವುದನ್ನು ಎಷ್ಟು ಸಲ ನೋಡಿಲ್ಲ! ಅಂದಾಜು ಮಾಡುವವರು, ಇಷ್ಟರಿಂದ ಇಷ್ಟರೊಳಗೆ, ಇಂಥ ನಂಬಿಕೆಯ ಮೇಲೆ ಎಂದು ಹೇಳಿಬಿಡಬೇಕು. ಹತ್ತರಿಂದ ಹದಿಮೂರು ಸಾವಿರ ಎಂಬುದರಲ್ಲಿ ಆ ಮೂರು ಸಾವಿರದ ಅನುಮಾನವೇ ಪ್ರಾಮಾಣಿಕತೆ.

ಅವಳ ಇನ್ನೊಂದು ಮಾತಿಗೆ ಮಾತ್ರ ಉತ್ತರ ಕೊಡಲು ಕಷ್ಟವಾಯಿತು. "ಒಬ್ಬಳ ಕಣ್ಣೀರು ಒರೆಸೋದು ಬಿಟ್ಟು ಲಕ್ಷ ಜನರ ಕಣ್ಣೀರು ಅಳೆದು ಏನು ಬಂತು?" ಎಂದಳು.

ಈ ಪ್ರಶ್ನೆಯನ್ನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಎಣಿಸಬೇಕಾದರೆ ಗುಟ್ಟು ಕಾಯುವ ಭಾಷೆ ಕೊಡಬೇಕು. ಜನಗಣತಿಯಲ್ಲಿ ಬರೆದದ್ದನ್ನು ಯಾರಿಗೂ ತೋರಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ. ನಾನು ಆ ಹುಡುಗಿಯ ಮುಂದೆ 'ಮನೆಗೆಲಸ' ಎಂದೇ ಬರೆದಿದ್ದರೂ ಆ ಹಾಳೆ ಅವಳನ್ನು ಬಿಡಿಸುತ್ತಿರಲಿಲ್ಲ. ಅವಳು ಒಂದು ಕೋಟಿ ಚಿಲ್ಲರೆಯಲ್ಲಿ ಒಂದಾಗುತ್ತಿದ್ದಳು, ಅಷ್ಟೆ. ಹಾಗಾದರೆ ನಾನು ಸುಳ್ಳು ಬರೆದದ್ದರಿಂದ ಅವಳಿಗೇನು ನಷ್ಟ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗಲಿಲ್ಲ. ಹೆಸರಿಲ್ಲದವರಿಗೆ ಈ ಲೋಕ ಕೊಡಬಹುದಾದ ಮೊದಲ ಮರ್ಯಾದೆ, ನೀನು ಇದ್ದೀಯ ಎಂದು ಒಪ್ಪಿಕೊಳ್ಳುವುದು. ಇಲ್ಲವೆಂದಾದರೆ ಅವರಿಗಾಗಿ ಶಾಲೆ ಬೇಡ, ಕಾನೂನು ಬೇಡ, ಬಜೆಟ್ಟಿನಲ್ಲಿ ದುಡ್ಡು ಬೇಡ. ಸೊನ್ನೆಗೆ ಯಾರೂ ಪರಿಹಾರ ಹುಡುಕುವುದಿಲ್ಲ.

ಆದರೆ ಎಣಿಸಿದ ಮಾತ್ರಕ್ಕೆ ಋಣ ತೀರುವುದೂ ಇಲ್ಲ. ನಾನು ಗಣತಿದಾರಳಾಗಿ ಬರೆದದ್ದು ಗುಟ್ಟು. ಅದನ್ನು ಮಾರನೆಯ ದಿನವೇ ದೂರು ಮಾಡಿದ್ದರೆ ಮುಂದಿನ ಬೀದಿಯವರು ನನಗೆ ಬಾಗಿಲು ತೆರೆಯುತ್ತಿರಲಿಲ್ಲ, ಅವರ ಮನೆಯ ಹುಡುಗಿಯರೂ ಹಾಳೆಗೆ ಬರುತ್ತಿರಲಿಲ್ಲ. ಇದು ನಿಜ. ಆದರೆ ಗಣತಿ ಮುಗಿದ ಮೇಲೆ? ನಾನು ಅದೇ ಊರಿನ ಟೀಚರು. ಶಾಲೆಗೆ ಬಾರದ ಮಕ್ಕಳನ್ನು ಕರೆತರುವುದು ನನ್ನ ಕೆಲಸವೇ. ಆ ಗೇಟಿನ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. "ನಿಮ್ಮ ಅಕ್ಕನ ಮಗಳನ್ನ ನಮ್ಮ ಶಾಲೆಗೇ ಸೇರಿಸಿ" ಎಂದು ಒಂದು ಮಾತು, ನಗುನಗುತ್ತಲೇ, ಅವರ ಸುಳ್ಳನ್ನೇ ಹಿಡಿದು ಹೇಳಬಹುದಿತ್ತು. ಅದಕ್ಕೂ ಜಗ್ಗದಿದ್ದರೆ 1098ಕ್ಕೆ ಒಂದು ಫೋನು. ಹೇಳಲಿಲ್ಲ, ಮಾಡಲಿಲ್ಲ. ಒಳ್ಳೆಯವರ ಮನೆ, ಕೂರಿಸಿ ನೀರು ಕೊಟ್ಟವರು. ಬಚ್ಚಿಟ್ಟ ಅಪರಾಧಗಳನ್ನು ಕಾಯುವುದು ದುಷ್ಟರಲ್ಲ, ನನ್ನಂಥ ಮರ್ಯಾದಸ್ಥರ ಸಂಕೋಚ ಎಂದು ಈಗ ಅನ್ನಿಸುತ್ತದೆ. ಸಂಖ್ಯಾಶಾಸ್ತ್ರಜ್ಞರು ಕಾಣದವರನ್ನು ಅಂದಾಜು ಮಾಡಲಿ, ಅದು ಅವರ ಧರ್ಮ. ಕಂಡವರನ್ನು ಅಂದಾಜಿಗೆ ಬಿಡುವ ಹಕ್ಕು ನನಗಿರಲಿಲ್ಲ.

ಆ ಮನೆ ಈಗಿಲ್ಲ. ಅಕ್ಕಪಕ್ಕದ ಸೈಟುಗಳೂ ಸೇರಿ ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿದೆ. ಹುಡುಗಿ ಎಲ್ಲಿದ್ದಾಳೋ, ಇದ್ದರೆ ಇಪ್ಪತ್ತೈದರ ಮೇಲಿನ ವಯಸ್ಸು. ಅವಳ ಹೆಸರು ಮಾತ್ರ ನನಗೆ ಮರೆತಿಲ್ಲ. ಗುಟ್ಟು ಕಾಯುವ ಭಾಷೆ ಕೊಟ್ಟಿದ್ದೇನಾದ್ದರಿಂದ ಇಲ್ಲೂ ಬರೆಯುವುದಿಲ್ಲ.

2027ರ ಜನಗಣತಿಗೆ ನಮ್ಮನ್ನು ಮತ್ತೆ ಕರೆಯುತ್ತಾರೆ, ಹಾಳೆಯ ಬದಲು ಮೊಬೈಲಿನಲ್ಲಿ ತುಂಬಬೇಕು ಎಂದು ಸ್ಟಾಫ್ ರೂಮಿನಲ್ಲಿ ಮಾತು. ಕಿರಿಯ ಟೀಚರುಗಳು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಬಾಗಿಲ ಸಂದಿಯಲ್ಲಿ ಯಾರಾದರೂ ಲೋಟ ಹಿಡಿದು ನಿಂತರೆ, ಈ ಸಲ ನೀರು ಕುಡಿಯುವ ಮೊದಲು ಅವಳನ್ನೇ ಕರೆದು ಕೇಳಬೇಕು ಎಂದುಕೊಂಡಿದ್ದೇನೆ: "ಬಾರಮ್ಮ, ನಿನ್ನ ಊರು ಯಾವುದು?"